ನಮ್ಮ ಊರಿನ ನಕ್ಷೆಯನ್ನು ನಾವೇ ಬರೆಯೋಣ

(ಶಿವಾನುಭವ ಗೋಷ್ಠಿಯಲ್ಲಿ ಕಡೂರು, ತರೀಕೆರೆ ಮತ್ತು ಅಜ್ಜಂಪುರದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)



ಬಸವಾದಿ ಶರಣರ ಆಶಯವನ್ನು ಮುಂದುವರಿಸಲು ವಿದ್ಯಾರ್ಥಿಗಳು ಏನು ಮಾಡಬಹುದು ಎಂಬ ವಿಷಯ ನನಗೆ ಕೊಟ್ಟಿದ್ದಾರೆ. ವಚನ ಕಂಠಪಾಠ, ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ ಇವನ್ನೆಲ್ಲ ನೀವು ಈಗಾಗಲೇ ಮಾಡುತ್ತಿದ್ದೀರಿ. ಅವು ಬೇಕು. ಇವತ್ತು ನಾನು ಬೇರೊಂದು ಕೆಲಸವನ್ನು ನಿಮ್ಮ ಮುಂದಿಡುತ್ತೇನೆ. ಅದಕ್ಕೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಎರಡು ಕಾಲು ಮತ್ತು ತಾಳ್ಮೆಯಿಂದ ಕೇಳಿಸಿಕೊಳ್ಳುವ ಕಿವಿ ಸಾಕು. ಕೆಲಸ ಇಷ್ಟೇ: ನಿಮ್ಮ ಊರಿನ ನಕ್ಷೆಯನ್ನು ನೀವೇ ಬರೆಯಬೇಕು.

ಮೊಬೈಲಿನಲ್ಲಿ ನಕ್ಷೆ ಇದೆಯಲ್ಲ ಎನ್ನುತ್ತೀರಿ. ಇದೆ. ಅದು ಪೆಟ್ರೋಲ್ ಬಂಕ್ ತೋರಿಸುತ್ತದೆ, ಎಟಿಎಂ ತೋರಿಸುತ್ತದೆ, ಕಲ್ಯಾಣ ಮಂಟಪಕ್ಕೆ ದಾರಿ ತೋರಿಸುತ್ತದೆ. ಆದರೆ ಬೇಸಿಗೆಯಲ್ಲಿ ಯಾವ ಬೀದಿಯ ಹೆಣ್ಣುಮಕ್ಕಳು ನಲ್ಲಿಯ ಮುಂದೆ ರಾತ್ರಿಯೆಲ್ಲ ಕಾಯುತ್ತಾರೆ ಎಂದು ತೋರಿಸುವುದಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯೂ ಇದೆ. ಅದರಲ್ಲಿ ಸರ್ವೆ ನಂಬರ್ ಇದೆ, ಕೆರೆಯ ಅಂಗಳ ಇದೆ. ಆ ಕೆರೆಗೆ ಈಗ ನೀರು ಬರುತ್ತಿದೆಯೇ ಅಥವಾ ಬರುವ ಕಾಲುವೆಯ ಮೇಲೆ ಯಾರೋ ಅಂಗಡಿ ಕಟ್ಟಿದ್ದಾರೆಯೇ ಎಂಬುದು ಅದರಲ್ಲಿ ಇಲ್ಲ. ಪುರಸಭೆಯಲ್ಲಿ ವಾರ್ಡುಗಳ ನಕ್ಷೆ ಇದೆ. ಅದು ಮತದಾರರನ್ನು ಎಣಿಸುತ್ತದೆ, ಬೆಳಗಿನ ಜಾವ ಬೀದಿ ಗುಡಿಸಿ ಹೋಗುವವರ ಮನೆ ಎಲ್ಲಿದೆ ಎಂದು ಹೇಳುವುದಿಲ್ಲ. ನಕ್ಷೆ ಬರೆದವನಿಗೆ ಏನು ಬೇಕಿತ್ತೋ ಅದು ನಕ್ಷೆಯಲ್ಲಿ ಇರುತ್ತದೆ. ಅವನಿಗೆ ಬೇಡವಾದವರು ಊರಿನಲ್ಲಿ ಇದ್ದರೂ ಕಾಗದದ ಮೇಲೆ ಇರುವುದಿಲ್ಲ.

ನಮ್ಮ ಮೂರು ಊರುಗಳನ್ನೇ ನೋಡಿ. ಹತ್ತಿರ ಹತ್ತಿರ ಇದ್ದರೂ ಒಂದೊಂದರ ಬದುಕು ಒಂದೊಂದು ಬಗೆ. ಕಡೂರು ಬಯಲು ಸೀಮೆ. ತೆಂಗಿನ ನಾಡಾದರೂ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಅದರ ಹೆಸರು ಬರುತ್ತದೆ. ತರೀಕೆರೆ ಮಲೆನಾಡಿನ ಹೊಸ್ತಿಲು. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಕೆಮ್ಮಣ್ಣುಗುಂಡಿಯ ಬೆಟ್ಟ, ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ. ಅಜ್ಜಂಪುರ ಈರುಳ್ಳಿಯ ಹೊಲಗಳ ಊರು, ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರದ ಊರು. ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದದ್ದು ಇತ್ತೀಚೆಗೆ ತಾಲ್ಲೂಕು ಕೇಂದ್ರವಾಗಿದೆ. ತಾಲ್ಲೂಕು ಕೇಂದ್ರವಾದ ಊರು ಬೇಗ ಬೆಳೆಯುತ್ತದೆ. ಕಚೇರಿಗಳು ಬರುತ್ತವೆ, ಬಡಾವಣೆಗಳು ಏಳುತ್ತವೆ, ಜಮೀನಿನ ಬೆಲೆ ಏರುತ್ತದೆ. ಹಾಗೆ ಬೆಳೆಯುವಾಗ ಗೋಮಾಳ, ಕೆರೆ ಏರಿ, ಹಳ್ಳದ ದಡ ಮೊದಲು ಮಾಯವಾಗುತ್ತವೆ. ಮಾಯವಾಗುವ ಮೊದಲು ಬರೆದಿಟ್ಟುಕೊಳ್ಳಬೇಕು.

ನೀರಿನ ವಿಷಯಕ್ಕೆ ಬಂದರೆ ನಾವೆಲ್ಲ ಒಂದೇ ಹರಿವಿಗೆ ಸೇರಿದವರು. ಬಾಬಾಬುಡನ್ ಬೆಟ್ಟಸಾಲಿನಲ್ಲಿ ಹುಟ್ಟುವ ವೇದಾ ಹಳ್ಳ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸುತ್ತದೆ. ಆವತಿ ಹಳ್ಳ ಮದಗದ ಕೆರೆಯನ್ನು ತುಂಬಿಸುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಈಗ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿಯೇ ಹಾದು ಹೋಗಿದೆ. ಕೋಟ್ಯಂತರ ರೂಪಾಯಿಯ ಆ ಕಾಲುವೆ ಎಲ್ಲ ನಕ್ಷೆಗಳಲ್ಲೂ ಇದೆ. ಅದರ ಪಕ್ಕದ ಹಳ್ಳಿಯ ಹಳೆಯ ಕಟ್ಟೆ ಯಾವ ನಕ್ಷೆಯಲ್ಲಿದೆ? ಅದನ್ನು ಹುಡುಕುವುದು ನಿಮ್ಮ ಕೆಲಸ.

ಇಂಥ ಅಧ್ಯಯನಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಹೆಸರಿದೆ. ಶರಣರ ಮಕ್ಕಳಾದ ನಮಗೆ ಈ ‘ಕುಲ’ ಎಂಬ ಪದ ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು. ಹನ್ನೆರಡನೆಯ ಶತಮಾನದಲ್ಲಿ ಕುಲವನ್ನು ಕೇಳಬೇಡಿ ಎಂದವರ ವಾರಸುದಾರರು ನಾವು. ಹಾಗಾದರೆ ಈಗ ಮನೆಮನೆಗೆ ಹೋಗಿ ಏನು ಕೇಳುವುದು? ಇದಕ್ಕೆ ಉತ್ತರ ಕಲ್ಯಾಣದಲ್ಲೇ ಇದೆ. ಶರಣರ ಹೆಸರುಗಳನ್ನು ಒಂದು ಸಾಲಿನಲ್ಲಿ ಹೇಳಿ ನೋಡಿ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಸಮಗಾರ ಹರಳಯ್ಯ, ತುರುಗಾಹಿ ರಾಮಣ್ಣ, ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಬುಟ್ಟಿ ಹೆಣೆಯುವವರು, ಹಗ್ಗ ಹೊಸೆಯುವವರು, ಚಪ್ಪಲಿ ಹೊಲಿಯುವವರು, ದನ ಕಾಯುವವರು, ನೂಲು ತೆಗೆಯುವವರು. ಒಂದು ಊರು ಯಾರ ಯಾರ ದುಡಿಮೆಯಿಂದ ನಿಂತಿದೆ ಎಂಬುದರ ಪಟ್ಟಿ ಇದು. ಅನುಭವ ಮಂಟಪದಲ್ಲಿ ಈ ಪಟ್ಟಿ ಮೇಲು ಕೀಳಿನ ಏಣಿಯಾಗಲಿಲ್ಲ, ಒಂದೇ ನೆಲದ ಮೇಲೆ ಹಾಸಿದ ಜಮಖಾನೆಯಾಯಿತು. ನೀವು ಬರೆಯಬೇಕಾದದ್ದು ಕುಲದ ನಕ್ಷೆಯಲ್ಲ, ಕಾಯಕದ ನಕ್ಷೆ.

ಹಾಗೆಂದು ಜಾತಿ ಕಣ್ಣಿಗೆ ಬಿದ್ದರೆ ಕಣ್ಣು ಮುಚ್ಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಊರಿನ ಕೇರಿಗಳು ಎಲ್ಲಿ ಮುಗಿಯುತ್ತವೆ, ಡಾಂಬರು ಎಲ್ಲಿ ನಿಲ್ಲುತ್ತದೆ, ಚರಂಡಿಯ ನೀರು ಯಾರ ಮನೆಯ ಕಡೆಗೆ ಹರಿಯುತ್ತದೆ, ಪ್ರತ್ಯೇಕ ಲೋಟ ಎಲ್ಲಾದರೂ ಉಳಿದಿದೆಯೇ ಇದೆಲ್ಲವೂ ನಕ್ಷೆಯಲ್ಲಿ ಬರಬೇಕು. ರೋಗ ಬರೆದುಕೊಳ್ಳುವ ವೈದ್ಯನು ರೋಗವನ್ನು ಹರಡಿದ ಹಾಗಾಗುವುದಿಲ್ಲ.

ಬರೆದಿಡುವ ಕೆಲಸ ದೊಡ್ಡದೋ ಚಿಕ್ಕದೋ ಎಂದು ಯಾರಿಗಾದರೂ ಅನುಮಾನವಿದ್ದರೆ ಫ. ಗು. ಹಳಕಟ್ಟಿಯವರನ್ನು ನೆನೆಯಿರಿ. ವೃತ್ತಿಯಿಂದ ವಕೀಲರು, ಇದ್ದದ್ದು ವಿಜಯಪುರದಲ್ಲಿ. ಮನೆಮನೆಗೆ, ಮಠಮಠಕ್ಕೆ ಅಲೆದು ತಾಳೆಗರಿಯ ಕಟ್ಟುಗಳನ್ನು ಹುಡುಕಿದರು. ಪೂಜೆಯ ಜಗಲಿಯ ಮೇಲೆ, ಅಟ್ಟದ ಮೂಲೆಯಲ್ಲಿ ಹುಳು ಹಿಡಿಯುತ್ತಿದ್ದದ್ದನ್ನು ನಕಲು ಮಾಡಿಕೊಂಡರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಇವತ್ತು ನಾವು ವೇದಿಕೆಯ ಮೇಲೆ ನಿಂತು ಹೇಳುವ ಎಷ್ಟೋ ವಚನಗಳು ಆ ಅಲೆದಾಟದ ಫಲ. ಅವರು ಹೋಗಿ ಬಾಗಿಲು ತಟ್ಟದಿದ್ದರೆ ಎಷ್ಟೋ ಶರಣರ ಹೆಸರೂ ನಮಗೆ ಉಳಿಯುತ್ತಿರಲಿಲ್ಲ. ತಾಳೆಗರಿಯಂತೆಯೇ ಇಂದು ಅಟ್ಟದ ಮೂಲೆಯಲ್ಲಿ ಇರುವುದು ನಮ್ಮ ಹಿರಿಯರ ನೆನಪು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಪುಟ್ಟ ಟ್ರಾಮ್ ರೈಲು ಓಡುತ್ತಿತ್ತು. ಅದರ ಬಗ್ಗೆ ಅಪ್ಪ ಅಜ್ಜಂದಿರಿಂದ ಕೇಳಿದ ಮಾತು ಇನ್ನೂ ನೆನಪಿರುವವರು ಎಷ್ಟು ಮಂದಿ ಉಳಿದಿದ್ದಾರೆ? ಕೆರೆಯ ತೂಬು ಎತ್ತಿ ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಗಳ ಮನೆತನದವರು ಈಗ ಏನು ಮಾಡುತ್ತಿದ್ದಾರೆ?

ನಮ್ಮ ನಾಡಿಗೆ ಇದು ಹೊಸ ವಿದ್ಯೆಯಲ್ಲ. ಚಿಕ್ಕಮಗಳೂರು ಜಿಲ್ಲೆಗೆ ಮೊದಲು ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವನ್ನು ಈ ಕಡೂರು ಜಿಲ್ಲೆಯ ಶಾಸನಗಳಿಗಾಗಿಯೇ 1901ರಲ್ಲಿ ತಂದರು. ಶಾಸನಗಳನ್ನು ಓದಿದರೆ ದಾನದ ಭೂಮಿಗೆ ಎಲ್ಲೆ ಹೇಳುವ ರೀತಿ ಗಮನಕ್ಕೆ ಬರುತ್ತದೆ. ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಹಳ್ಳ, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ನೆಟ್ಟ ಕಲ್ಲು. ಕಾಗದವಿಲ್ಲದ ಕಾಲದಲ್ಲಿ ಕಲ್ಲಿನ ಮೇಲೆ ಮಾತಿನಿಂದ ಬರೆದ ನಕ್ಷೆ ಅದು. ಆ ಮರ, ಆ ಹಳ್ಳ ಜನರಿಗೆ ಗೊತ್ತಿದ್ದವು, ಆದ್ದರಿಂದ ಎಲ್ಲೆ ಉಳಿಯಿತು. ಗೊತ್ತಿಲ್ಲದವರ ಊರಿನಲ್ಲಿ ಎಲ್ಲೆ ಉಳಿಯುವುದಿಲ್ಲ.

ಇನ್ನು ಹೇಗೆ ಮಾಡುವುದು ಎಂಬುದನ್ನು ಹೇಳುತ್ತೇನೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ವಿದ್ವಾಂಸರು 1914ರಲ್ಲಿ ಭಾರತಕ್ಕೆ ಬಂದು ಹಲವು ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದರು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲಿ ಒಂದು. ಹಳೆಯ ಓಣಿಗಳನ್ನು ಒಡೆದು ನೇರ ರಸ್ತೆ ಮಾಡುವ ಮೊದಲು ಆ ಓಣಿಯಲ್ಲಿ ಜನ ಹೇಗೆ ಬದುಕುತ್ತಾರೆ ಎಂದು ನೋಡಿ ಎಂಬುದು ಅವರ ಹಟ. ಎರಡನೆಯ ಪಾಠ ನಮ್ಮ ಕರ್ನಾಟಕದ್ದೇ. 1980ರ ದಶಕದ ಕೊನೆಯಲ್ಲಿ ಮೈರಾಡ ಸಂಸ್ಥೆಯವರು ಹಳ್ಳಿಗಳಲ್ಲಿ ಜನರನ್ನೇ ಕೂರಿಸಿ, ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲುಗಳಿಂದ ಅವರ ಊರಿನ ನಕ್ಷೆಯನ್ನು ಅವರಿಂದಲೇ ಬರೆಸಿದರು. ಅಕ್ಷರ ಬಾರದ ಅಜ್ಜಿಯೂ ತನ್ನ ಕೇರಿಯ ಬಾವಿ ಎಲ್ಲಿದೆ ಎಂದು ಇಂಜಿನಿಯರಿಗಿಂತ ಸ್ಪಷ್ಟವಾಗಿ ತೋರಿಸಬಲ್ಲಳು. ಆ ಪದ್ಧತಿಯನ್ನು ಆಮೇಲೆ ಎಷ್ಟೋ ದೇಶಗಳಲ್ಲಿ ಬಳಸಿದರು. ಆದ್ದರಿಂದ ಕಾಗದ ಹಿಡಿದು ಹೋಗುವ ಮೊದಲು ಬೀದಿಯಲ್ಲಿ ರಂಗೋಲಿ ಹಿಡಿದು ಕೂತುಕೊಳ್ಳಿ.

ಮೂರನೆಯ ಪಾಠ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರಿಂದ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದಲ್ಲಿ ಅವರ ಸಂಸ್ಕರಿಸಿದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ನೆನಪಿನಿಂದಲೇ ಬರೆದ ಪುಸ್ತಕ ‘ದಿ ರಿಮೆಂಬರ್ಡ್ ವಿಲೇಜ್’. ಅದರಲ್ಲಿ ಅವರು ಪ್ರಾಮಾಣಿಕವಾಗಿ ಹೇಳಿಕೊಂಡ ಒಂದು ಸಂಗತಿಯಿದೆ: ತಾವು ಆ ಹಳ್ಳಿಯನ್ನು ಕಂಡದ್ದು ಮೇಲ್ಜಾತಿಯವರ ಜಾಗದಿಂದ, ದಲಿತರ ಕೇರಿಯ ಬದುಕು ತಮಗೆ ಅಷ್ಟಾಗಿ ಸಿಗಲಿಲ್ಲ. ಇದರಿಂದ ನಿಮಗೆ ಎರಡು ಬುದ್ಧಿಮಾತು. ಒಂದು, ಟಿಪ್ಪಣಿಯ ಎರಡು ಪ್ರತಿ ಇಡಿ. ಎರಡು, ನೀವು ಎಲ್ಲಿ ಕೂತು ಊರನ್ನು ನೋಡುತ್ತೀರೋ ಅಲ್ಲಿಂದ ಕಾಣುವಷ್ಟೇ ಕಾಣುತ್ತದೆ. ಮಠದ ಜಗಲಿಯಿಂದ ಕಾಣುವ ಅಜ್ಜಂಪುರ ಬೇರೆ, ರೈಲ್ವೆ ಗೇಟಿನ ಆಚೆಯ ಗುಡಿಸಲಿನಿಂದ ಕಾಣುವ ಅಜ್ಜಂಪುರ ಬೇರೆ. ಕೂರುವ ಜಾಗ ಬದಲಿಸುತ್ತಿರಿ.

ಏನನ್ನು ಬರೆಯಬೇಕು? ನಾನು ಐದು ಸಂಗತಿ ಹೇಳುತ್ತೇನೆ.

ಮೊದಲನೆಯದು ನೀರು. ನಿಮ್ಮ ಊರಿನ ಒಂದು ಕೆರೆ ಹಿಡಿಯಿರಿ. ಅದಕ್ಕೆ ನೀರು ಎಲ್ಲಿಂದ ಬರುತ್ತಿತ್ತು, ಕೋಡಿ ಬಿದ್ದರೆ ಮುಂದಿನ ಯಾವ ಕೆರೆಗೆ ಹೋಗುತ್ತಿತ್ತು ಎಂದು ನಡೆದು ನೋಡಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ದಾಖಲೆಯ ಕೆರೆ ಎಷ್ಟು, ಕಣ್ಣೆದುರಿನ ಕೆರೆ ಎಷ್ಟು ಎಂದು ಹೋಲಿಸಿ. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ್ದನ್ನು ನಾವು ಹೊಗಳುತ್ತೇವೆ. ಕಟ್ಟುವ ಶಕ್ತಿ ನಮಗಿಲ್ಲದಿದ್ದರೂ ಇರುವುದನ್ನು ಎಣಿಸುವ ಶಕ್ತಿಯಾದರೂ ಇರಲಿ.

ಎರಡನೆಯದು ಕಾಯಕ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕಡೂರು ಬೀರೂರು ರೈಲು ನಿಲ್ದಾಣಗಳ ಸುತ್ತ ಎಷ್ಟು ಬಗೆಯ ದುಡಿಮೆಯಿದೆ? ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕೇಂದ್ರದ ಕಾಯ್ದೆ ಬಂತು. ಐದು ವರ್ಷಕ್ಕೊಮ್ಮೆಯಾದರೂ ಅವರ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿಯುವವರೆಗೆ ಎತ್ತಂಗಡಿ ಮಾಡಬಾರದು ಎಂದು ಅದು ಹೇಳುತ್ತದೆ. ಸೊಪ್ಪು ಮಾರುವ ತಾಯಿಗೆ ಈ ಕಾಯ್ದೆ ಗೊತ್ತೇ ಎಂದು ಕೇಳಿ. ಗೊತ್ತಿಲ್ಲದಿದ್ದರೆ ತಿಳಿಸಿ ಬನ್ನಿ. ಕೇಳಲು ಹೋದವರು ಏನನ್ನಾದರೂ ಕೊಟ್ಟು ಬರಬೇಕು.

ಮೂರನೆಯದು ಕಸ. ಹಸಿ, ಒಣ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ನಿಮ್ಮ ಬೀದಿಯ ಕಸದ ಹಿಂದೆ ಒಂದು ದಿನ ನಡೆಯಿರಿ. ಅದು ಎಲ್ಲಿ ಸೇರುತ್ತದೆ, ಅಲ್ಲಿ ಯಾರು ವಾಸಿಸುತ್ತಾರೆ, ಅದನ್ನು ಮುಟ್ಟುವ ಕೈಗೆ ಗವಸು ಇದೆಯೇ ನೋಡಿ.

ನಾಲ್ಕನೆಯದು ರುದ್ರಭೂಮಿ. ನಾವು ಮಣ್ಣು ಮಾಡುವವರು. ಊರು ಬೆಳೆದಂತೆ ಆ ಮಣ್ಣು ಕಡಿಮೆಯಾಗುತ್ತಿದೆ. ನಮ್ಮ ಸಮಾಜದ್ದು ಎಷ್ಟಿದೆ ಎಂದು ಮಾತ್ರ ಅಳೆಯಬೇಡಿ. ದಲಿತರಿಗೆ, ಮುಸಲ್ಮಾನರಿಗೆ, ಅಲೆಮಾರಿಗಳಿಗೆ ಎಷ್ಟಿದೆ, ದಾರಿ ಇದೆಯೇ, ನೀರಿದೆಯೇ ಎಂದೂ ಬರೆಯಿರಿ. ಬದುಕಿನಲ್ಲಿ ಸಿಗದ ಸಮಾನತೆ ಸತ್ತ ಮೇಲಾದರೂ ಸಿಗುತ್ತಿದೆಯೇ ಎಂದು ಆ ನಕ್ಷೆ ಹೇಳಿಬಿಡುತ್ತದೆ.

ಐದನೆಯದು ಬಂದವರು ಮತ್ತು ಹೋದವರು. ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ಸುಮಾರು 2002ರ ಹೊತ್ತಿಗೆ ಸ್ಥಳಾಂತರವಾದ ಕುಟುಂಬಗಳಿವೆ. ಅವರ ಹಳೆಯ ಊರಿನ ದೇವರು, ಬಾವಿ, ಹೊಲದ ಹೆಸರುಗಳು ಈಗ ಕಾಡಿನೊಳಗೆ. ಆ ಊರುಗಳನ್ನು ರಂಗೋಲಿಯಲ್ಲಿ ಬರೆಯಬಲ್ಲ ಹಿರಿಯರು ಇರುವಾಗಲೇ ಬರೆಸಿಕೊಳ್ಳಿ. ಹಾಗೆಯೇ ಬೆಂಗಳೂರಿಗೆ ಹೋದ ನಿಮ್ಮ ಅಣ್ಣ ಅಕ್ಕಂದಿರ ಬೀಗ ಹಾಕಿದ ಮನೆಗಳನ್ನೂ ಗುರುತು ಮಾಡಿ.

ಇಷ್ಟೆಲ್ಲ ಏಕೆ ಎಂದು ಕೇಳುವವರು ಬೆಂಗಳೂರನ್ನು ನೋಡಲಿ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಸಂಪಂಗಿ ಕೆರೆ ಹೇಗೆ ಕ್ರೀಡಾಂಗಣವಾಯಿತು ಎಂಬುದನ್ನು ಹಿತಾ ಉಣ್ಣಿಕೃಷ್ಣನ್, ಹರಿಣಿ ನಾಗೇಂದ್ರ ಮೊದಲಾದವರು ಹಳೆಯ ನಕ್ಷೆ, ಕಡತಗಳನ್ನು ಹುಡುಕಿ, ಹಳಬರನ್ನು ಮಾತನಾಡಿಸಿ ಹಂತಹಂತವಾಗಿ ದಾಖಲಿಸಿದ್ದಾರೆ. ಒಂದು ಕಾಲದಲ್ಲಿ ತೋಟದವರು, ದನ ಕಾಯುವವರು ಎಲ್ಲರ ಸ್ವತ್ತಾಗಿದ್ದದ್ದು ನಿಧಾನವಾಗಿ ಯಾರ ಸ್ವತ್ತೂ ಅಲ್ಲದಾಯಿತು. ಕರಗದ ಆಚರಣೆಗೆ ಉಳಿದಿರುವುದು ಒಂದು ಪುಟ್ಟ ಕೊಳ. ಅವರಿಗೆ ಕೆರೆ ಹೋದ ಮೇಲೆ ಬರೆಯಬೇಕಾಯಿತು. ನಿಮ್ಮ ಕೆರೆಗಳು ಇನ್ನೂ ಇವೆ. ನೀವು ಮೊದಲೇ ಬರೆಯಬಹುದು.

ಈಗ ಹಿರಿಯರಿಗೆ, ಮಠದ ಭಕ್ತರಿಗೆ ಎರಡು ಮಾತು. ಮಕ್ಕಳು ನಕ್ಷೆ ಬರೆಯಲು ಹೊರಟರೆ ಮೊದಲ ಬಾಗಿಲು ನಮ್ಮದೇ ಆಗಬೇಕು. ನಮ್ಮ ಜಾತ್ರೆ, ಹುಣ್ಣಿಮೆ, ಜಯಂತಿಗಳಲ್ಲಿ ದಾಸೋಹ ನಡೆಯುತ್ತದೆ. ಉಂಡ ಮೇಲೆ ಪ್ಲಾಸ್ಟಿಕ್ ಲೋಟ, ಥರ್ಮೊಕೋಲ್ ತಟ್ಟೆ ಎಲ್ಲಿಗೆ ಹೋಗುತ್ತವೆ? ಚೆಲ್ಲಿದ ಅನ್ನ ಎಷ್ಟು? ಮಾರಯ್ಯ ತಂದ ಅಕ್ಕಿ ಆ ದಿನದ ದಾಸೋಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಯಿತೆಂದು ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ನಮಗೆಲ್ಲ ಬಾಯಿಪಾಠ. ಆ ತಾಯಿಗೆ ಎಷ್ಟು ಸಾಕು ಎಂಬ ಅಳತೆ ಗೊತ್ತಿತ್ತು. ಇವತ್ತು ಪರಿಸರ ಸುಸ್ಥಿರತೆ ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳುವುದರ ತಿರುಳು ಅದೇ. ವಿದ್ಯಾರ್ಥಿಗಳು ತಕ್ಕಡಿ ಹಿಡಿದು ಒಂದು ದಾಸೋಹದ ಕಸವನ್ನು ತೂಗಲಿ. ಬಂದ ಅಂಕಿಯನ್ನು ಮುಂದಿನ ಸಭೆಯಲ್ಲಿ ಓದಲಿ. ಮುಜುಗರವಾದರೆ ಆಗಲಿ.

ಅದಕ್ಕಿಂತ ಹೆಚ್ಚಿನ ಮುಜುಗರವೂ ಬರಬಹುದು. ಒತ್ತುವರಿಯಾದ ಕಾಲುವೆಯ ಮೇಲಿನ ಕಟ್ಟಡ ನಮ್ಮವರದೇ ಇರಬಹುದು. ಬಾಡಿಗೆಗೆ ಮನೆ ಕೊಡುವಾಗ ಜಾತಿ ಕೇಳುವವರು ಕೊರಳಲ್ಲಿ ಇಷ್ಟಲಿಂಗ ಧರಿಸಿದವರೇ ಇರಬಹುದು. ಆಗ ‘ಇದನ್ನು ಬಿಟ್ಟು ಬರೆಯಿರಿ’ ಎಂದು ಮಕ್ಕಳಿಗೆ ಹೇಳಿದರೆ ನಾವು ಸೋತಂತೆ. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣ ತೆತ್ತ ಬೆಲೆಯನ್ನು ಪ್ರತಿ ವರ್ಷ ಭಾಷಣದಲ್ಲಿ ಹೇಳುವ ನಾವು, ಒಂದು ಹಾಳೆಯ ಮೇಲಿನ ಗೆರೆಗೆ ಹೆದರಬಾರದು. ನನ್ನ ಕೋರಿಕೆ ಇದು: ಮಕ್ಕಳ ನಕ್ಷೆ ಏನೇ ಹೇಳಲಿ, ಅದನ್ನು ಮಠದ ಸಭಾಂಗಣದ ಗೋಡೆಗೆ ತೂಗುಹಾಕಿ. ಎಲ್ಲರೂ ನೋಡಲಿ, ತಪ್ಪಿದ್ದರೆ ತಿದ್ದಲಿ.

ವಿದ್ಯಾರ್ಥಿಗಳೂ ಕೆಲವು ನಿಯಮ ಪಾಲಿಸಬೇಕು. ಅಪ್ಪಣೆಯಿಲ್ಲದೆ ಫೋಟೊ ತೆಗೆಯಬೇಡಿ. ಹೇಳಿದವರ ಹೆಸರಿನಿಂದ ಅವರಿಗೆ ತೊಂದರೆಯಾಗುವಂತಿದ್ದರೆ ಹೆಸರು ಬರೆಯಬೇಡಿ. ತನಿಖೆಗೆ ಬಂದ ಅಧಿಕಾರಿಯಂತೆ ನಿಲ್ಲಬೇಡಿ, ಕಲಿಯಲು ಬಂದವರಂತೆ ಕುಳಿತುಕೊಳ್ಳಿ. ಹುಡುಗರು ಮಾತ್ರ ಹೋದರೆ ಅರ್ಧ ಊರು ಮಾತನಾಡುವುದಿಲ್ಲ, ಹುಡುಗಿಯರೂ ತಂಡದಲ್ಲಿರಲಿ. ಕೆಲಸ ಮುಗಿದ ಮೇಲೆ ನಕ್ಷೆಯನ್ನು ಮೊದಲು ಆ ಬೀದಿಯವರಿಗೇ ತೋರಿಸಿ. ಒಂದು ಪ್ರತಿ ಪುರಸಭೆಗೆ, ಒಂದು ಶಾಲೆಗೆ, ಒಂದು ಮಠಕ್ಕೆ. ಅವರ ಮಾತನ್ನು ಅವರಿಗೆ ಹಿಂತಿರುಗಿಸದಿದ್ದರೆ ಅದು ಅಧ್ಯಯನವಲ್ಲ, ಕಳವು.

ಮೂರೂ ಊರನ್ನು ಒಮ್ಮೆಲೇ ಬರೆಯಲು ಹೋಗಬೇಡಿ. ಕಡೂರಿನ ತಂಡ ಒಂದು ಕೆರೆ ಹಿಡಿಯಲಿ. ತರೀಕೆರೆಯ ತಂಡ ಒಂದು ಬೀದಿ ಹಿಡಿಯಲಿ. ಅಜ್ಜಂಪುರದ ತಂಡ ಒಂದು ಸಂತೆ ಹಿಡಿಯಲಿ. ಮುಂದಿನ ಬಸವ ಜಯಂತಿಗೆ ಮೂರು ಹಾಳೆಗಳು ಈ ಗೋಡೆಯ ಮೇಲಿರಲಿ. ಆ ದಿನ ಭಾಷಣಕಾರರು ಕಡಿಮೆಯಿದ್ದರೂ ಚಿಂತೆಯಿಲ್ಲ. ಸೊಪ್ಪು ಮಾರುವ ತಾಯಿ, ಬೀದಿ ಗುಡಿಸುವ ಅಣ್ಣ, ಕೆರೆಯ ತೂಬು ಬಲ್ಲ ಅಜ್ಜ ಬಂದು ‘ಇಲ್ಲಿ ನಮ್ಮ ಮನೆ ಇದೆ’ ಎಂದು ಬೆರಳಿಟ್ಟು ತೋರಿಸಿದರೆ, ಆ ಸಭೆಯನ್ನು ಅನುಭವ ಮಂಟಪ ಎಂದು ಕರೆಯಲು ನನಗೆ ಸಂಕೋಚವಿಲ್ಲ.